ಕೌದಿಯ ಕಚ್ಚಾ ಹೊಲಿಗೆ

ಪಕ್ಕಾ ಹೊಲಿಗೆಗೆ ಕೂರುವ ಮೊದಲು ಕೌದಿಯ ಪದರಗಳು ಅತ್ತಿತ್ತ ಜಾರದಂತೆ ಹಾಕುವ ಉದ್ದುದ್ದ ಹೊಲಿಗೆಗೆ ಕಚ್ಚಾ ಹೊಲಿಗೆ ಎನ್ನುತ್ತಾರೆ. ಬಿಚ್ಚಿ ತೆಗೆಯಲೆಂದೇ ಹಾಕುವ ಹೊಲಿಗೆ ಇದು. ಕೌದಿ ಮುಗಿದ ಮೇಲೆ ಇದರ ಸುಳಿವೂ ಉಳಿಯದು. ಅದಕ್ಕೇ ಏನೋ, ಇದನ್ನು ಹೇಗೋ ಮುಗಿಸಿ ಮುಂದಿನ ಕೆಲಸಕ್ಕೆ ಕೈಹಾಕುವ ಆತುರ ಹೆಚ್ಚಿನವರಿಗೆ. ಆದರೆ ಮುಗಿದ ಕೌದಿಯನ್ನು ಮಗುಚಿ ಹಾಕಿದಾಗ ಅಡಿಯ ಬಟ್ಟೆಯಲ್ಲಿ ಕಾಣುವ ಮಡಿಕೆಗಳು, ಒಂದು ಮೂಲೆಯಲ್ಲಿ ಉಬ್ಬಿ ಇನ್ನೊಂದರಲ್ಲಿ ಬಿಗಿದುಕೊಂಡ ಮೈ, ಸೊಟ್ಟಗೆ ಓಡಿದ ಅಂಚು, ಇವುಗಳಲ್ಲಿ ಬಹುಪಾಲು ಹುಟ್ಟುವುದು ಪದರ ಹಾಸುವ ಹೊತ್ತಿನಲ್ಲೇ. ಆಮೇಲೆ ಎಷ್ಟು ನಾಜೂಕಾಗಿ ಹೊಲಿದರೂ ಅವು ಹೋಗುವುದಿಲ್ಲ, ಹೊಲಿದಷ್ಟೂ ಗಟ್ಟಿಯಾಗುತ್ತವೆ.

ಪದರದ ಹೊದಿಕೆಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಮೇಲೆ ತುಂಡುಬಟ್ಟೆಗಳನ್ನು ಕೂಡಿಸಿ ಮಾಡಿದ ಮೇಲ್ಬಟ್ಟೆ, ನಡುವೆ ಬೆಚ್ಚಗಿಡುವ ಹತ್ತಿಯ ಅಥವಾ ಪಾಲಿಯೆಸ್ಟರ್ ಪದರ, ಕೆಳಗೆ ಅಸ್ತರು. ಉತ್ತರ ಕರ್ನಾಟಕದ ಕೌದಿಯಲ್ಲಿ ನಡುವಿನ ಜಾಗಕ್ಕೆ ಹೆಚ್ಚಾಗಿ ಬರುವುದು ಹಳೆಯ ಸೀರೆ, ಧೋತರ, ಹರಿದ ಅಂಗಿಗಳು. ಒಗೆದೊಗೆದು ಮೆತ್ತಗಾದ ಹತ್ತಿಬಟ್ಟೆ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಹೊಸ ಬಟ್ಟೆ ಹಾಗಲ್ಲ. ಅದರಲ್ಲೂ ನಯವಾದ ಪಾಲಿಯೆಸ್ಟರ್ ಪದರದ ಮೇಲೆ ಗಂಜಿ ಹೋಗದ ಹೊಸ ಬಟ್ಟೆ ಹಾಸಿದರೆ ಕೈ ತಾಗಿದಲ್ಲೆಲ್ಲ ಜಾರುತ್ತದೆ. ಅಂಗಡಿಯಿಂದ ತಂದ ಸಾಮಗ್ರಿಯಲ್ಲಿ ಹೊದಿಕೆ ಮಾಡುವವರಿಗೆ ಕಚ್ಚಾ ಹೊಲಿಗೆ ತಪ್ಪಿಸಲಾಗದ ಕೆಲಸವಾದದ್ದು ಈ ಕಾರಣಕ್ಕೆ.

ಪದರಗಳು ಜಾರುವ ಬಗೆ ತಿಳಿದರೆ ಹಿಡಿದಿಡುವ ಬಗೆಯೂ ತಿಳಿಯುತ್ತದೆ. ಹೊಲಿಗೆ ಯಂತ್ರದಲ್ಲಿ ಸೂಜಿಯ ಕೆಳಗೆ ಹಲ್ಲಿನ ಪಟ್ಟಿಯೊಂದಿದೆ. ಪ್ರತಿ ಹೊಲಿಗೆಗೂ ಅದು ಮೇಲೆದ್ದು ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ. ಹಲ್ಲು ಕಚ್ಚುವುದು ಅಡಿಯ ಬಟ್ಟೆಯನ್ನು ಮಾತ್ರ. ಮೇಲಿನ ಬಟ್ಟೆಯನ್ನು ಯಂತ್ರದ ಪಾದ ಒತ್ತಿ ಹಿಡಿದಿರುತ್ತದೆ, ಅಂದರೆ ತಡೆಯುತ್ತಿರುತ್ತದೆ. ಹೀಗೆ ಅಡಿಬಟ್ಟೆ ಸರಸರನೆ ಸಾಗಿದರೆ ಮೇಲ್ಬಟ್ಟೆ ಹಿಂದುಳಿಯುತ್ತದೆ. ಒಂದು ಗೇಣು ಹೊಲಿಯುವಾಗ ಈ ವ್ಯತ್ಯಾಸ ಕಣ್ಣಿಗೆ ಬೀಳದು. ಆರೇಳು ಅಡಿ ಉದ್ದದ ಸಾಲು ಮುಗಿಯುವ ಹೊತ್ತಿಗೆ ಪಾದದ ಮುಂದೆ ಬಟ್ಟೆ ಅಲೆಯಾಗಿ ಎದ್ದಿರುತ್ತದೆ. ಮೇಲಿನಿಂದಲೂ ಬಟ್ಟೆಯನ್ನು ಹಿಡಿದು ನಡೆಸುವ ವಾಕಿಂಗ್ ಫೂಟ್ ಎಂಬ ಪಾದ ಬಂದಿದೆ. ಅದು ಈ ತೊಂದರೆಯನ್ನು ತಗ್ಗಿಸುತ್ತದೆ, ಪೂರಾ ನೀಗಿಸುವುದಿಲ್ಲ. ಕೈಹೊಲಿಗೆಯಲ್ಲಿ ಜಾರಾಟ ಇನ್ನೂ ನಿಧಾನ. ಸೂಜಿ ಚುಚ್ಚಿದಾಗಲೆಲ್ಲ ಬಟ್ಟೆ ಕೂದಲೆಳೆಯಷ್ಟು ಮುಂದೆ ತಳ್ಳಿಸಿಕೊಳ್ಳುತ್ತದೆ. ಜೊತೆಗೆ ಕೆಲಸ ತಿಂಗಳುಗಟ್ಟಲೆ ನಡೆಯುವುದರಿಂದ ಕೌದಿಯನ್ನು ಮಡಚಿ ಇಡುವುದು, ಮತ್ತೆ ಬಿಡಿಸುವುದು, ತೊಡೆಯ ಮೇಲೆ ತಿರುಗಿಸುವುದು ಇದ್ದೇ ಇರುತ್ತದೆ. ಇಷ್ಟೆಲ್ಲ ಎಳೆದಾಟವನ್ನು ಕಚ್ಚಾ ಹೊಲಿಗೆ ತಡೆದುಕೊಳ್ಳಬೇಕು.

ಹಾಸುವ ಮೊದಲಿನ ತಯಾರಿ ಇಷ್ಟು. ಮೇಲ್ಬಟ್ಟೆಯನ್ನೂ ಅಸ್ತರನ್ನೂ ಇಸ್ತ್ರಿ ಮಾಡಬೇಕು. ಪಕ್ಕಾ ಹೊಲಿಗೆ ಬಿದ್ದ ಮೇಲೆ ಇವನ್ನು ಇಸ್ತ್ರಿಯಿಂದ ಸರಿಪಡಿಸುವ ಅವಕಾಶ ಮತ್ತೆ ಸಿಗದು. ಮೇಲ್ಬಟ್ಟೆಯ ಹಿಂಬದಿಯಲ್ಲಿ ನೇತಾಡುವ ದಾರದ ತುಣುಕುಗಳನ್ನು ಕತ್ತರಿಸಬೇಕು. ಬಿಳಿ ಬಟ್ಟೆಯ ಹಿಂದೆ ಕಪ್ಪು ದಾರದ ಎಳೆಯೊಂದು ಸಿಕ್ಕಿಕೊಂಡರೆ ಅದು ಕೊನೆತನಕ ಗೀಟಿನಂತೆ ಕಾಣುತ್ತಿರುತ್ತದೆ. ಸುರುಳಿ ಸುತ್ತಿ ಅಥವಾ ಚೀಲದಲ್ಲಿ ಒತ್ತಿ ಮಾರುವ ಹತ್ತಿಪದರವನ್ನು ಹಿಂದಿನ ದಿನವೇ ಬಿಡಿಸಿ ಹರಡಿಟ್ಟರೆ ಮಡಿಕೆಗಳು ತಾವಾಗಿ ಸಡಿಲುತ್ತವೆ.

ಅಳತೆಯಲ್ಲಿ ಅಸ್ತರು ಮೇಲ್ಬಟ್ಟೆಗಿಂತ ದೊಡ್ಡದಿರಬೇಕು. ನಾಲ್ಕೂ ಕಡೆ 3ರಿಂದ 4 ಇಂಚು ಹೆಚ್ಚು ಬಿಡುವುದು ರೂಢಿ. 60 ಇಂಚು ಅಗಲ, 80 ಇಂಚು ಉದ್ದದ ಹೊದಿಕೆಗೆ 68 ಇಂಚು, 88 ಇಂಚಿನ ಅಸ್ತರು ಬೇಕಾಗುತ್ತದೆ. ನಡುವಿನ ಪದರವೂ ಮೇಲ್ಬಟ್ಟೆಗಿಂತ ಎರಡು ಮೂರು ಇಂಚು ಹೆಚ್ಚಿರಬೇಕು. ಹೊಲಿಯುತ್ತ ಹೋದಂತೆ ಪದರಗಳು ಒಳಕ್ಕೆ ಸೇದಿಕೊಳ್ಳುತ್ತವೆ. ಬಿಟ್ಟ ಹೆಚ್ಚುವರಿ ಆ ನಷ್ಟವನ್ನು ತುಂಬುತ್ತದೆ. ಸಾಮಾನ್ಯ ಹತ್ತಿಬಟ್ಟೆಯ ಪನ್ನ 44 ಇಂಚಿನ ಆಸುಪಾಸು ಇರುವುದರಿಂದ ಇಂಥ ಅಸ್ತರಿಗೆ ಎರಡು ತುಂಡು ಕೂಡಿಸಲೇಬೇಕು. ಕೂಡಿಸುವ ಮೊದಲು ಬಟ್ಟೆಯ ಎರಡೂ ಬದಿಯ ನೇಯ್ದ ಅಂಚನ್ನು ಕತ್ತರಿಸಿ ತೆಗೆಯುವುದು ಒಳ್ಳೆಯದು. ಅಲ್ಲಿ ನೇಯ್ಗೆ ಒತ್ತಾಗಿರುತ್ತದೆ, ಒಗೆದಾಗ ಉಳಿದ ಬಟ್ಟೆಯ ಹಾಗೆ ಕುಗ್ಗುವುದಿಲ್ಲ. ಕೂಡಿಸಿದ ಹೊಲಿಗೆಯ ಎರಡು ಸೆರಗನ್ನೂ ಬಿಡಿಸಿ ಇಸ್ತ್ರಿ ಮಾಡಿದರೆ ಅಲ್ಲಿ ದಪ್ಪ ಏಣು ಬರುವುದಿಲ್ಲ.

ಇಡೀ ಕೆಲಸದಲ್ಲಿ ಎಚ್ಚರ ಬೇಡುವ ಘಟ್ಟ ಅಸ್ತರನ್ನು ಹಾಸುವುದು. ಗುಡಿಸಿ ಒರೆಸಿದ ನೆಲದ ಮೇಲೆ ಅಸ್ತರನ್ನು ಒಳಮೈ ಮೇಲೆ ಬರುವಂತೆ, ಅಂದರೆ ಚಂದದ ಮೈ ನೆಲಕ್ಕೆ ಮುಖ ಮಾಡುವಂತೆ ಹರಡಬೇಕು. ಮೊದಲು ಒಂದು ಬದಿಯ ನಡುವಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಆಮೇಲೆ ಎದುರು ಬದಿಯ ನಡುವಿಗೆ ಹೋಗಿ ಬಟ್ಟೆಯನ್ನು ಮೆಲ್ಲನೆ ಎಳೆದು ಅಂಟಿಸಬೇಕು. ಉಳಿದೆರಡು ಬದಿಗೂ ಹೀಗೆಯೇ. ನಂತರ ನಡುವಿನಿಂದ ಮೂಲೆಗಳ ಕಡೆಗೆ ಸರಿಯುತ್ತ, ಒಂದು ಬದಿಗೊಂದು ಎದುರು ಬದಿಗೊಂದು ಎಂಬಂತೆ ಟೇಪ್ ಹಾಕಿಕೊಂಡು ಹೋಗಬೇಕು. ಮೂಲೆಗಳು ಕೊನೆಗೆ. ಮೊದಲೇ ಮೂಲೆ ಹಿಡಿದರೆ ಬಟ್ಟೆ ಓರೆಯಾಗಿ ಜಗ್ಗುತ್ತದೆ, ಓರೆಗೆ ಜಗ್ಗಿದ ಬಟ್ಟೆ ರಬ್ಬರಿನಂತೆ ಹಿಗ್ಗುತ್ತದೆ.

ಅಸ್ತರು ಎಷ್ಟು ಬಿಗಿ ಇರಬೇಕೆಂಬುದರಲ್ಲಿ ಹೊಸಬರು ಎರಡು ತುದಿಗೂ ಹೋಗುತ್ತಾರೆ. ಸಡಿಲ ಬಿಟ್ಟರೆ ಅಡಿಯಲ್ಲಿ ಮಡಿಕೆ ಬೀಳುತ್ತದೆ ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದಿರುವುದು ಇನ್ನೊಂದು ತುದಿ. ಅತಿ ಬಿಗಿಯಾಗಿ ಎಳೆದು ಅಂಟಿಸಿದ ಅಸ್ತರಿನ ಮೇಲೆ ಉಳಿದ ಪದರಗಳು ಸಪಾಟಾಗಿ ಕೂತಂತೆಯೇ ಕಾಣುತ್ತವೆ. ಕಚ್ಚಾ ಹೊಲಿಗೆ ಮುಗಿಸಿ ಟೇಪ್ ಕಿತ್ತ ಕೂಡಲೇ ಅಸ್ತರು ತನ್ನ ಸಹಜ ಅಳತೆಗೆ ಮರಳುತ್ತದೆ, ಮೇಲ್ಬಟ್ಟೆ ಎಲ್ಲೆಡೆ ಮುದುಡಿಕೊಳ್ಳುತ್ತದೆ. ಆಗ ಎಲ್ಲವನ್ನೂ ಬಿಚ್ಚಿ ಮತ್ತೆ ಹಾಸುವುದೊಂದೇ ದಾರಿ. ಸರಿಯಾದ ಬಿಗಿಗೆ ಅಳತೆಗೋಲಿಲ್ಲ, ಗುರುತು ಇದೆ: ಅಂಗೈಯಿಂದ ಸವರಿದಾಗ ಅಸ್ತರಿನಲ್ಲಿ ಅಲೆ ಏಳಬಾರದು, ನೇಯ್ಗೆಯ ಎಳೆಗಳು ನೇರವಾಗಿ ಕಾಣಬೇಕು, ಟೇಪ್ ಹಾಕಿದ ಜಾಗದಲ್ಲಿ ಬಟ್ಟೆ ಚೂಪಾಗಿ ಎಳೆದುಕೊಂಡಿರಬಾರದು. ಮಾಸ್ಕಿಂಗ್ ಟೇಪ್ ತಾನೇ ಕಿತ್ತು ಬರುವಷ್ಟು ಎಳೆತವಿದ್ದರೆ ಅದು ಹೆಚ್ಚಾಯಿತೆಂದೇ ಅರ್ಥ.

ಅಸ್ತರಿನ ಮೇಲೆ ಹತ್ತಿಪದರವನ್ನು ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರುತ್ತ ಹರಡಬೇಕು. ಇಲ್ಲಿ ಎಳೆಯುವಂತಿಲ್ಲ, ಎಳೆದ ಕಡೆ ಹತ್ತಿ ತೆಳುವಾಗುತ್ತದೆ. ಅದರ ಮೇಲೆ ಮೇಲ್ಬಟ್ಟೆ. ಇದನ್ನು ನಾಲ್ಕು ಮಡಿಕೆ ಮಾಡಿ ತಂದು, ಮಡಿಕೆಯ ಮೂಲೆಯನ್ನು ಹತ್ತಿಪದರದ ನಟ್ಟನಡುವೆ ಇಟ್ಟು ಒಂದೊಂದೇ ಮಡಿಕೆ ಬಿಡಿಸಿದರೆ ನಡು ತಪ್ಪುವುದಿಲ್ಲ. ಚೌಕ ಚೌಕದ ವಿನ್ಯಾಸವಿದ್ದರೆ ಉದ್ದ ಅಡ್ಡ ಸಾಲುಗಳು ನೇರವಾಗಿವೆಯೇ ಎಂದು ಉದ್ದದ ಪಟ್ಟಿಯಿಟ್ಟು ನೋಡಿಕೊಳ್ಳಬೇಕು. ಈಗ ಸರಿಪಡಿಸುವುದು ಕೈ ಸವರಿದಷ್ಟು ಸುಲಭ.

ಕಚ್ಚಾ ಹೊಲಿಗೆಗೆ ಉದ್ದನೆಯ ಸೂಜಿ ಬೇಕು. ದಾರ ಬಿಳಿ ಅಥವಾ ತಿಳಿಬಣ್ಣದ ಹತ್ತಿದಾರವಾಗಿರಬೇಕು. ಗಾಢ ಬಣ್ಣದ ದಾರ ಎದ್ದು ಕಾಣುವುದರಿಂದ ಬಿಚ್ಚಲು ಸುಲಭವೆಂದು ಕೆಲವರು ಅದನ್ನೇ ಬಳಸುತ್ತಾರೆ, ಆದರೆ ಬಣ್ಣದ ನಾರು ಸೂಜಿತೂತಿನಲ್ಲಿ ಉಳಿದರೆ ಬಿಳಿ ಬಟ್ಟೆಯ ಮೇಲೆ ಚುಕ್ಕೆಯಾಗಿ ನಿಲ್ಲುತ್ತದೆ. ದಾರ ಗಟ್ಟಿ ಇರಬೇಕೆಂದೇನೂ ಇಲ್ಲ. ಜಪಾನಿನಲ್ಲಿ ಕಿಮೋನೋ ಹೊಲಿಯುವವರು ಕಚ್ಚಾ ಹೊಲಿಗೆಗೆಂದೇ ಬೇರೆ ದಾರ ಇಟ್ಟುಕೊಳ್ಳುತ್ತಾರೆ; ಶಿತ್ಸುಕೆ ಎಂಬ ಆ ದಾರ ಕಡಿಮೆ ಹುರಿಯ ಮೆತ್ತನೆಯ ಹತ್ತಿದಾರ, ಕೈಯಲ್ಲಿ ಎಳೆದರೆ ಪಟ್ಟನೆ ತುಂಡಾಗುತ್ತದೆ. ಎಲ್ಲೋ ಸಿಕ್ಕಿಕೊಂಡಾಗ ಬಟ್ಟೆ ಹರಿಯುವುದಕ್ಕಿಂತ ದಾರ ಹರಿಯುವುದೇ ಮೇಲು.

ಹೊಲಿಗೆ ನಡುವಿನಲ್ಲಿ ಶುರುವಾಗಿ ಅಂಚಿನತ್ತ ಸಾಗಬೇಕು. ಎಲ್ಲಾದರೂ ಹೆಚ್ಚುವರಿ ಬಟ್ಟೆ ಉಳಿದಿದ್ದರೆ ಅದು ಸೂಜಿಯ ಮುಂದೆ ಸರಿಯುತ್ತ ಹೊರಗೆ ಹೋಗಲೆಂದು ಈ ಕ್ರಮ. ಅಂಚಿನಿಂದ ಒಳಕ್ಕೆ ಬಂದರೆ ಆ ಬಟ್ಟೆಯೆಲ್ಲ ನಡುವಿನಲ್ಲಿ ಬಂದು ಗುಪ್ಪೆಯಾಗುತ್ತದೆ, ಅದಕ್ಕೆ ಹೊರಹೋಗಲು ಜಾಗವಿರುವುದಿಲ್ಲ. ದಾರವನ್ನು ಸಾಲಿನ ಪೂರ್ತಿ ಉದ್ದಕ್ಕಿಂತ ತುಸು ಹೆಚ್ಚು ತೆಗೆದುಕೊಂಡು, ಅರ್ಧವನ್ನು ನಡುವಿನಲ್ಲಿ ಬಾಲದಂತೆ ಬಿಟ್ಟು, ಉಳಿದರ್ಧದಿಂದ ಒಂದು ಬದಿಯ ಅಂಚಿನವರೆಗೆ ಹೊಲಿದು, ಮರಳಿ ಬಂದು ಬಾಲವನ್ನು ಸೂಜಿಗೆ ಪೋಣಿಸಿ ಎದುರು ಬದಿಗೆ ಹೋಗುವುದು ಅನುಭವಸ್ಥರ ಪದ್ಧತಿ. ಇದರಿಂದ ನಡುವೆ ಗಂಟು ಬೀಳುವುದಿಲ್ಲ. ತುದಿಯಲ್ಲಿ ಗಂಟು ಹಾಕದೆ ಒಂದೆರಡು ಹಿಮ್ಮುಖ ಹೊಲಿಗೆ ಹಾಕಿದರೂ ಸಾಕು, ಬಿಚ್ಚುವಾಗ ಸಲೀಸು.

ಹೊಲಿಗೆಯ ಉದ್ದ ಒಂದರಿಂದ ಎರಡು ಇಂಚು. ಮೊದಲು ಉದ್ದಕ್ಕೆ ಒಂದು ಸಾಲು, ಅಡ್ಡಕ್ಕೆ ಒಂದು ಸಾಲು ಹಾಕಿ ಹೊದಿಕೆಯನ್ನು ನಾಲ್ಕು ಪಾಲು ಮಾಡಿಕೊಂಡು, ಆಮೇಲೆ ಪ್ರತಿ ಪಾಲಿನಲ್ಲೂ ಮೂರು ನಾಲ್ಕು ಇಂಚಿಗೊಂದರಂತೆ ಸಾಲು ತುಂಬುತ್ತ ಬಂದರೆ ಇಡೀ ಮೈ ಬಲೆಯಂತಾಗುತ್ತದೆ. ಕೆಲವರು ನಡುವಿನಿಂದ ಎಂಟು ದಿಕ್ಕಿಗೆ ಕಿರಣದಂತೆ ಸಾಲು ಬಿಟ್ಟು ಮುಗಿಸುತ್ತಾರೆ. ಬೇಗ ಆಗುತ್ತದೆ ನಿಜ, ಆದರೆ ಅಂಚಿನ ಕಡೆ ಎರಡು ಕಿರಣಗಳ ನಡುವೆ ಮೊಳದಷ್ಟು ಜಾಗ ಹಿಡಿತವಿಲ್ಲದೆ ಉಳಿಯುತ್ತದೆ, ಸುಕ್ಕು ಬೀಳುವುದೂ ಅಲ್ಲೇ. ಬಲೆ ಸಾಲಿಗೆ ದಾರ ಹೆಚ್ಚು ಬೇಕು: 60ಕ್ಕೆ 80 ಇಂಚಿನ ಹೊದಿಕೆಗೆ ನಾಲ್ಕು ಇಂಚಿಗೊಂದು ಸಾಲಿನ ಲೆಕ್ಕದಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೇರಿ ಸುಮಾರು 200 ಅಡಿ ಹೊಲಿಯಬೇಕಾಗುತ್ತದೆ.

ನೆಲದ ಮೇಲೆ ಬಿಗಿಯಾಗಿ ಹಾಸಿದ ಪದರಗಳಿಂದ ಸೂಜಿಯ ಮೊನೆಯನ್ನು ಮೇಲೆ ತರುವುದು ಕಷ್ಟ, ಉಗುರು ನೋಯುತ್ತದೆ. ಎಡಗೈಯಲ್ಲಿ ಒಂದು ಚಮಚ ಹಿಡಿದು ಅದರ ಅಂಚನ್ನು ಬಟ್ಟೆಗೆ ಒತ್ತಿದರೆ ಮೊನೆ ಚಮಚದ ಮೇಲೆ ತಾನೇ ಏರಿಬರುತ್ತದೆ. ಕೊನೆಯದಾಗಿ ನಾಲ್ಕೂ ಅಂಚಿನ ಸುತ್ತ, ಬಟ್ಟೆಯ ಕೊನೆಯಿಂದ ಕಾಲಿಂಚಿನೊಳಗೆ, ಒಂದು ಸುತ್ತು ಹಾಕಬೇಕು. ಹೊಲಿಯುವಾಗ ಹೊದಿಕೆಯ ಮೇಲೆ ಮಂಡಿಯೂರಿ ನಡೆದರೆ ಅದುವರೆಗೆ ಸವರಿದ್ದೆಲ್ಲ ವ್ಯರ್ಥ. ಆದಷ್ಟೂ ಹೊರಗಿನಿಂದ ಬಾಗಿ ಹೊಲಿಯುವುದು ಲೇಸು. ಮಂಡಿ, ಸೊಂಟ ಸಹಕರಿಸದವರು ಎರಡು ಮೇಜು ಜೋಡಿಸಿಕೊಂಡು, ಅಂಚಿಗೆ ಟೇಪ್ ಬದಲು ಆಫೀಸಿನ ದೊಡ್ಡ ಕ್ಲಿಪ್ ಹಾಕಿಕೊಳ್ಳಬಹುದು. ಮೇಜು ಚಿಕ್ಕದಾಗಿದ್ದರೆ ಅದರ ನಟ್ಟನಡುವೆ ಹಲ್ಲುಕಡ್ಡಿಯೊಂದನ್ನು ಟೇಪಿನಿಂದ ಅಂಟಿಸಿಡುವ ಉಪಾಯವಿದೆ. ಮೂರು ಪದರದ ಕೆಳಗಿದ್ದರೂ ಕಡ್ಡಿ ಬೆರಳಿಗೆ ತಾಗುತ್ತದೆ. ಪ್ರತಿ ಪದರದ ನಡುವನ್ನೂ ಅದರ ಮೇಲೆ ಕೂರಿಸಬಹುದು.

ಯಂತ್ರದಲ್ಲಿ ಹೊಲಿಯುವವರು ದಾರಕ್ಕಿಂತ ಪಿನ್ನುಗಳನ್ನೇ ನೆಚ್ಚುತ್ತಾರೆ. ಕಚ್ಚಾ ದಾರದ ಮೇಲೆ ಯಂತ್ರದ ಹೊಲಿಗೆ ಬಿದ್ದರೆ ಎರಡೂ ಹೆಣೆದುಕೊಂಡು ಬಿಚ್ಚುವುದು ಪಡಿಪಾಟಲು. ಪಾದದ ತುದಿಗೆ ದಾರ ಸಿಕ್ಕಿಕೊಳ್ಳುವುದೂ ಉಂಟು. ಸೇಫ್ಟಿ ಪಿನ್ನಾದರೆ ಸೂಜಿ ಹತ್ತಿರ ಬರುತ್ತಿದ್ದಂತೆ ತೆಗೆದುಹಾಕಬಹುದು. ಸೇಫ್ಟಿ ಪಿನ್ನಿಗೆ 1849ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ವಾಲ್ಟರ್ ಹಂಟ್ ಅದರ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟರು. ಹೊದಿಕೆಯ ಕೆಲಸಕ್ಕೆಂದೇ ಈಗ ನಡುವೆ ಬಾಗಿದ ಪಿನ್ನುಗಳು ಸಿಗುತ್ತವೆ. ಆ ಬಾಗು ಚಮಚದ ಕೆಲಸವನ್ನೇ ಮಾಡುತ್ತದೆ. ಪಿನ್ನುಗಳ ನಡುವಿನ ಅಂತರಕ್ಕೆ ಮುಷ್ಟಿಯೇ ಅಳತೆ. ಮುಷ್ಟಿಯನ್ನು ಎಲ್ಲಿ ಊರಿದರೂ ಅಂಚಿಗೆ ಒಂದಾದರೂ ಪಿನ್ನು ತಾಗಬೇಕು, ಅಂದರೆ ಮೂರು ನಾಲ್ಕು ಇಂಚಿಗೊಂದು. ಹಿಂದಿನ ಲೆಕ್ಕದ ಹೊದಿಕೆಗೇ ಸುಮಾರು 300 ಪಿನ್ನು ಹಿಡಿಯುತ್ತವೆ. ಎಲ್ಲ ಪಿನ್ನುಗಳನ್ನೂ ಚುಚ್ಚಿ ಮುಗಿಯುವವರೆಗೆ ಬಾಯಿ ಮುಚ್ಚದೆ ಬಿಡುವುದು ಜಾಣತನ. ಒಂದೊಂದನ್ನೇ ಮುಚ್ಚುತ್ತ ಹೋದರೆ ಪ್ರತಿ ಸಲವೂ ಪದರಗಳು ತುಸು ಮೇಲೆದ್ದು ಸರಿಯುತ್ತವೆ. ಪಕ್ಕಾ ಹೊಲಿಗೆಯ ಗೆರೆ ಎಲ್ಲಿ ಹಾಯುತ್ತದೆಂದು ಮೊದಲೇ ಗೊತ್ತಿದ್ದರೆ ಪಿನ್ನನ್ನು ಆ ಗೆರೆಯಿಂದ ದೂರವಿಡಬೇಕು. ಓಡುವ ಸೂಜಿ ಪಿನ್ನಿಗೆ ತಾಗಿದರೆ ಮುರಿದು ಹಾರುತ್ತದೆ. ಪಿನ್ನಿನ ಲೋಹವನ್ನೂ ನೋಡಿಕೊಳ್ಳಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕೀಳು ದರ್ಜೆಯ ಉಕ್ಕಿನ ಪಿನ್ನನ್ನು ಬಟ್ಟೆಯಲ್ಲೇ ಬಿಟ್ಟರೆ ತುಕ್ಕಿನ ಕಲೆ ಹತ್ತುತ್ತದೆ, ಮತ್ತೆ ಹೋಗುವುದಿಲ್ಲ. ನಿಕ್ಕಲ್ ಲೇಪದ ಅಥವಾ ಹಿತ್ತಾಳೆಯ ಪಿನ್ನುಗಳಿಗೆ ಈ ದೋಷ ಕಡಿಮೆ.

ಬಟ್ಟೆಗೆ ಸಿಂಪಡಿಸುವ ತಾತ್ಕಾಲಿಕ ಅಂಟು ಎಲ್ಲಕ್ಕಿಂತ ವೇಗದ ಉಪಾಯ. ಪದರಗಳ ನಡುವೆ ತೆಳುವಾಗಿ ಸಿಂಪಡಿಸಿ ಒತ್ತಿದರೆ ಹಿಡಿದುಕೊಳ್ಳುತ್ತದೆ, ಒಗೆದರೆ ಹೋಗುತ್ತದೆ. ಆದರೆ ಅದರ ಆವಿ ಮೂಗಿಗೆ ಒಳ್ಳೆಯದಲ್ಲ, ಬೆಂಕಿಗೂ ಹತ್ತಿರ ಸುಳಿಯುವಂತಿಲ್ಲ. ಕಿಟಕಿ ಬಾಗಿಲು ತೆರೆದೇ ಬಳಸಬೇಕು. ಕೈಹೊಲಿಗೆಗೆ ಇದು ಒಗ್ಗುವುದಿಲ್ಲ, ಸೂಜಿ ಜಿಗುಟಾಗುತ್ತದೆ. ಇಸ್ತ್ರಿಯ ಶಾಖಕ್ಕೆ ಅಂಟಿಕೊಳ್ಳುವ ಪದರಗಳೂ ಇವೆ. ಅವು ತೂಗುಹಾಕುವ ಪುಟ್ಟ ಪಟಗಳಿಗೆ ಸರಿ.

ಕಚ್ಚಾ ಹೊಲಿಗೆಯೇ ಬೇಡವಾದ ಪದ್ಧತಿಗಳೂ ಇವೆ. ಇಂಗ್ಲೆಂಡ್, ವೇಲ್ಸ್, ಅಮೆರಿಕಗಳ ಹಳ್ಳಿಮನೆಗಳಲ್ಲಿ ಹಿಂದೆ ಹೊದಿಕೆಯನ್ನು ಮರದ ದೊಡ್ಡ ಚೌಕಟ್ಟಿಗೆ ಬಿಗಿದು ಹೊಲಿಯುತ್ತಿದ್ದರು. ಅಂಚುಗಳನ್ನು ಚೌಕಟ್ಟಿನ ಮರಕ್ಕೆ ಹೊಡೆದ ಬಟ್ಟೆಪಟ್ಟಿಗೆ ಹೊಲಿದು ಎಳೆದುಕಟ್ಟಿದರೆ ಚೌಕಟ್ಟೇ ಪದರಗಳನ್ನು ಹಿಡಿದಿಡುತ್ತಿತ್ತು. ಸುತ್ತ ನಾಲ್ಕಾರು ಹೆಂಗಸರು ಕೂತು ಹೊಲಿಯಲು ಅನುಕೂಲವೂ ಹೌದು, ಕೋಣೆ ತುಂಬ ಜಾಗ ತಿನ್ನುವುದೂ ಹೌದು. ಜನ ಚಿಕ್ಕ ಮನೆಗಳಲ್ಲಿ ಕೈಬಳೆಯಂಥ ಚೌಕಟ್ಟು ಹಿಡಿದು ಹೊಲಿಯತೊಡಗಿದಾಗ, ಮುಂದೆ ಮನೆಯ ಯಂತ್ರದಲ್ಲೇ ಹೊಲಿಯತೊಡಗಿದಾಗ, ಪದರಗಳನ್ನು ಮೊದಲೇ ಕೂಡಿಹಾಕುವ ಕೆಲಸಕ್ಕೆ ಬೆಲೆ ಬಂತು. ಯಂತ್ರದ ಹೊಲಿಗೆಯನ್ನು ಕೀಳೆಂದು ಕಾಣುತ್ತಿದ್ದ ಕಾಲವೂ ಇತ್ತು. 1989ರಲ್ಲಿ ಅಮೆರಿಕದ ಪಡೂಕಾ ನಗರದ ರಾಷ್ಟ್ರಮಟ್ಟದ ಪ್ರದರ್ಶನದಲ್ಲಿ ಕ್ಯಾರಲ್ ಬ್ರಯರ್ ಫಾಲರ್ಟ್ ಅವರ ಯಂತ್ರಹೊಲಿಗೆಯ ಹೊದಿಕೆಗೆ ಅಗ್ರ ಬಹುಮಾನ ಬಂದ ಮೇಲೆ ಆ ವಾದ ತಣ್ಣಗಾಯಿತು. ವೃತ್ತಿನಿರತರು ಬಳಸುವ ಉದ್ದತೋಳಿನ ಯಂತ್ರಗಳಲ್ಲಿ ಮತ್ತೆ ಚೌಕಟ್ಟೇ ಬಂದಿದೆ. ಪದರಗಳನ್ನು ಉರುಳೆಗಳಿಗೆ ಸುತ್ತಿ ಬಿಗಿಯುವುದರಿಂದ ಅಲ್ಲಿ ಪಿನ್ನೂ ಇಲ್ಲ, ಕಚ್ಚಾ ದಾರವೂ ಇಲ್ಲ.

ಬಂಗಾಳದ ಕಾಂಥಾ ನಮ್ಮ ಕೌದಿಯ ಹತ್ತಿರದ ನೆಂಟ. ಅಲ್ಲಿ ಹಳೆಯ ಸೀರೆಗಳನ್ನೂ ಧೋತಿಗಳನ್ನೂ ನೆಲದ ಮೇಲೆ ಪದರ ಪದರವಾಗಿ ಹಾಸಿ, ಸುಕ್ಕು ಸವರಿ, ಅಂಚುಗಳ ಮೇಲೆ ಭಾರ ಇಡುತ್ತಾರೆ. ನಾಲ್ಕೂ ಅಂಚನ್ನು ಹೊಲಿದು, ಮೈಮೇಲೆ ಎರಡು ಮೂರು ಸಾಲು ದೊಡ್ಡ ಹೊಲಿಗೆ ಓಡಿಸುತ್ತಾರೆ. ಇಷ್ಟಾದ ಮೇಲೆ ಕಾಂಥಾವನ್ನು ಮಡಚಿಟ್ಟು ಬಿಡುವಾದಾಗಲೆಲ್ಲ ತೆಗೆದು ಹೊಲಿಯಬಹುದು. ನಾಲ್ಕು ಇಂಚಿನ ಬಲೆ ಅಲ್ಲಿ ಬೇಕಾಗುವುದಿಲ್ಲ; ಸವೆದ ಹತ್ತಿಬಟ್ಟೆಯ ಒರಟೇ ಉಳಿದ ಹಿಡಿತವನ್ನು ಒದಗಿಸುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿಯದು ಇನ್ನೂ ಬೇರೆಯೇ ದಾರಿ. ಅಡಿಗೆ ಹಳೆಯ ಸೀರೆಯೊಂದನ್ನು ಇಟ್ಟುಕೊಂಡು, ಒಂದು ಮೂಲೆಯಿಂದ ಹೊರಟು, ತುಂಡುಬಟ್ಟೆಯ ಅಂಚು ಒಳಮಡಚುತ್ತ ಒಂದರ ಪಕ್ಕ ಒಂದು ಇಟ್ಟು ಹೊಲಿಯುತ್ತ ಅಂಚಿನ ಸುತ್ತ ಬರುತ್ತಾರೆ. ಸುತ್ತು ಸುತ್ತಾಗಿ ಒಳಸರಿದು ನಡುವಿನಲ್ಲಿ ಮುಗಿಸುತ್ತಾರೆ. ಮೂಲೆಗಳಿಗೆ ಮುಕ್ಕೋನದ ತುಂಡುಗಳನ್ನು ಮಡಚಿ ‘ಫುಲ’ ಎಂಬ ಹೂವು ಕೂರಿಸುವುದು ರೂಢಿ. ನಡುವಿನಿಂದ ಹೊರಕ್ಕೆ ಹೋಗಬೇಕೆಂಬ ನಿಯಮವನ್ನು ಕವಂದಿ ತಲೆಕೆಳಗು ಮಾಡಿದಂತೆ ಕಾಣುತ್ತದೆ. ಆದರೂ ಸುಕ್ಕು ಬೀಳದಿರಲು ಕಾರಣವಿದೆ. ಇಲ್ಲಿ ಮೇಲ್ಬಟ್ಟೆ ಮೊದಲೇ ಸಿದ್ಧವಾಗಿಲ್ಲ; ಪ್ರತಿ ತುಂಡನ್ನೂ ಅಡಿಬಟ್ಟೆಯ ಮೇಲೆ ಇಟ್ಟು, ಅಲ್ಲಿಗೆ ಎಷ್ಟು ಬೇಕೋ ಅಷ್ಟಕ್ಕೆ ಮಡಚಿಕೊಳ್ಳುತ್ತಾರೆ. ಉಳಿಕೆ ಬಟ್ಟೆ ಕೂಡಿಬೀಳುವ ಮಾತೇ ಬರುವುದಿಲ್ಲ. ದಪ್ಪ ಹತ್ತಿಪದರವೂ ನಡುವೆ ಇರುವುದಿಲ್ಲ. ತುಂಡು ಕೂಡಿಸುವ ಹೊಲಿಗೆ, ಪದರ ಹಿಡಿಯುವ ಹೊಲಿಗೆ, ಪಕ್ಕಾ ಹೊಲಿಗೆ ಮೂರೂ ಅಲ್ಲಿ ಒಂದೇ.

ದಾರದಿಂದಲೋ ಪಿನ್ನಿನಿಂದಲೋ ಪದರ ಕೂಡಿಸಿದ ಮೇಲೆ ಒಂದು ಪರೀಕ್ಷೆ ಬಾಕಿ ಇರುತ್ತದೆ. ಟೇಪ್ ಕಿತ್ತು ಹೊದಿಕೆಯನ್ನು ಮಗುಚಿ ಹಾಕಿ, ಅಸ್ತರಿನ ಮೇಲೆ ಅಂಗೈ ಆಡಿಸಿ ನೋಡಬೇಕು. ಎಲ್ಲಾದರೂ ಸಡಿಲವಾಗಿ ಬಟ್ಟೆ ಕೈಗೆ ಸಿಕ್ಕಿದರೆ ಆ ಸುತ್ತಿನ ನಾಲ್ಕಾರು ಪಿನ್ನು ಅಥವಾ ಒಂದೆರಡು ಸಾಲು ಮಾತ್ರ ತೆಗೆದು, ಸವರಿ, ಮತ್ತೆ ಹಾಕಿದರೆ ಸಾಕು. ಹೊಸ ಹೊದಿಕೆಯಲ್ಲಿ ಪಿನ್ನುಗಳನ್ನು ವರ್ಷಗಟ್ಟಲೆ ಬಿಡಬಾರದು, ತೂತು ಅಗಲವಾಗುತ್ತದೆ.

ಪಕ್ಕಾ ಹೊಲಿಗೆಯೂ ನಡುವಿನಿಂದಲೇ ಹೊರಡುವುದರಿಂದ ಬಿಚ್ಚುವುದೂ ಅದೇ ಕ್ರಮದಲ್ಲಿ ನಡೆಯುತ್ತದೆ. ಒಂದು ಭಾಗದ ಪಕ್ಕಾ ಹೊಲಿಗೆ ಮುಗಿದ ಮೇಲೆಯೇ ಅಲ್ಲಿಯ ಕಚ್ಚಾ ದಾರವನ್ನು ತೆಗೆಯಬೇಕು. ಉದ್ದಕ್ಕೆ ಒಂದೇ ಸಲ ಎಳೆದರೆ ಪಕ್ಕದ ಹೊಲಿಗೆಯೂ ಸೆಳೆದುಕೊಳ್ಳುತ್ತದೆ. ನಾಲ್ಕೈದು ಹೊಲಿಗೆಗೊಮ್ಮೆ ಕತ್ತರಿಸಿ ತುಂಡು ತುಂಡಾಗಿ ತೆಗೆಯುವುದು ಸರಿ. ಅಂಚಿನ ಸುತ್ತಿನ ಸಾಲನ್ನು ಮಾತ್ರ ಕೊನೆತನಕ ಬಿಡಬೇಕು. ಹೆಚ್ಚುವರಿ ಅಸ್ತರು, ಹತ್ತಿಗಳನ್ನು ಮೇಲ್ಬಟ್ಟೆಯ ಮಟ್ಟಕ್ಕೆ ಕತ್ತರಿಸಿ, ಸುತ್ತ ಪಟ್ಟಿ ಕಟ್ಟಿ ಹೊಲಿದ ಮೇಲೆ ಆ ಸಾಲು ಪಟ್ಟಿಯೊಳಗೆ ಮುಚ್ಚಿಹೋಗಿದ್ದರೆ ತೆಗೆಯುವ ಅಗತ್ಯವೂ ಇಲ್ಲ. ಹೊರಗೆ ಇಣುಕುತ್ತಿದ್ದರೆ ಬಿಚ್ಚಬೇಕು. ಸೂಜಿಯ ತೂತುಗಳು ಮೊದಲ ಒಗೆತದಲ್ಲಿ ಮುಚ್ಚಿಕೊಳ್ಳುತ್ತವೆ.